ವಿದ್ಯುತ್ ಶಿಕ್ಷಣ: ಜಿಲ್ಲೆಯ ಉದ್ಯಮ ಮರೆತ ಬಂಡವಾಳ

ಜೋಗಿಮಟ್ಟಿಯಿಂದ ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಸಾಲಿನವರೆಗೆ ದೃಷ್ಟಿ ಹಾಯಿಸಿದರೆ ಗಾಳಿಯಂತ್ರಗಳ ಸಾಲು ಕಾಣುತ್ತದೆ. ಹಿರಿಯೂರಿನಲ್ಲಿ ಪವರ್ ಗ್ರಿಡ್ ಸಂಸ್ಥೆಯ 400 ಕೆ.ವಿ. ಉಪಕೇಂದ್ರವಿದೆ. ಹಿರಿಯೂರಿನಿಂದ ಪೂರ್ವಕ್ಕೆ ಹೋದರೆ ನೆರೆಯ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್. ವಿದ್ಯುತ್ ಉತ್ಪಾದನೆ ಮತ್ತು ಪ್ರಸರಣದ ಪಾಠವನ್ನು ಕಣ್ಣೆದುರಿಗೇ ಇಟ್ಟುಕೊಂಡಿರುವ ಜಿಲ್ಲೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಆದರೂ ಇಲ್ಲಿನ ಎಣ್ಣೆ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ, ತೆಂಗಿನ ನಾರಿನ ಘಟಕಗಳ ಮಾಲೀಕರಿಗೆ ವಿದ್ಯುತ್ತೆಂದರೆ ತಿಂಗಳಿಗೊಮ್ಮೆ ಬರುವ ಬೆಸ್ಕಾಂ ಬಿಲ್ಲು ಮಾತ್ರ. ವಿದ್ಯುತ್ತಿನ ವಿದ್ಯೆಯನ್ನು ವಿಶ್ವವಿದ್ಯಾಲಯದ ಮಟ್ಟದಲ್ಲಿ ಕಲಿತವರು ಉದ್ಯಮದ ಒಳಗೆ ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಇದು ಹೊಸ ಸಮಸ್ಯೆಯೇನಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ ಯಂತ್ರಗಳೂ ಅವುಗಳನ್ನು ಬಲ್ಲವರೂ ಹೊರದೇಶದಿಂದಲೇ ಬಂದಿದ್ದರು. ಅದೇ ವರ್ಷಗಳಲ್ಲಿ ಹಿರಿಯೂರಿನ ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕಟ್ಟೆ ಮೇಲೇಳುತ್ತಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. 1911ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ತರಗತಿ ಆರಂಭಿಸಿದಾಗ ಅದರ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದಾಗಿತ್ತು. ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತು ಬಂದ ಒಂಬತ್ತು ವರ್ಷಗಳಿಗೆ ವಿದ್ಯೆಯೂ ಬಂದಿತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗತೊಡಗಿ ಎರಡು ದಶಕಗಳೇ ಕಳೆದಿದ್ದರೂ ಇಲ್ಲಿನ ಮನೆಗಳಲ್ಲಿ ಮಗನೋ ಮಗಳೋ ಅದನ್ನೇ ಓದಲಿ ಎಂಬ ಮಾತು ಅಪರೂಪ.

ಸಿ.ಇ.ಟಿ. ಫಲಿತಾಂಶ ಬಂದ ವಾರ ಅಡಿಕೆ ಮಂಡಿಯಲ್ಲಿ ಕುಳಿತ ತಂದೆ ಹಾಕುವ ಲೆಕ್ಕ ಸರಳವಾದುದು: ಕಂಪ್ಯೂಟರ್ ಸೈನ್ಸ್ ಸಿಕ್ಕರೆ ಬೆಂಗಳೂರು, ಸಿಗದಿದ್ದರೆ ಉಳಿದದ್ದು. ಆ 'ಉಳಿದದ್ದರ' ಪಟ್ಟಿಯಲ್ಲಿ ಎಲೆಕ್ಟ್ರಿಕಲ್ ಬರುತ್ತದೆ. ಎಲೆಕ್ಟ್ರಿಕಲ್ ಓದಿದವರಲ್ಲಿಯೂ ಹಲವರು ಕೊನೆಗೆ ಸಾಫ್ಟ್‌ವೇರ್ ಕಂಪನಿಗಳನ್ನೇ ಸೇರುತ್ತಾರೆ, ಮಿಕ್ಕವರು ಕೆ.ಪಿ.ಟಿ.ಸಿ.ಎಲ್. ನೇಮಕಾತಿಯ ಪ್ರಕಟಣೆಗೆ ಕಾಯುತ್ತಾರೆ. ತಂದೆಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಊರಿನಲ್ಲಿ ಆ ವಿದ್ಯೆಗೆ ಸಂಬಳ ಕೊಡುವವರೇ ಇಲ್ಲದಿರುವಾಗ ಅವನು ಬೇರೆ ಲೆಕ್ಕ ಹಾಕಲಾರ. ಸಂಬಳ ಕೊಡಬೇಕಾದವರು ಮಾತ್ರ ಅದೇ ಮಂಡಿಯ ಅಕ್ಕಪಕ್ಕದಲ್ಲಿದ್ದಾರೆ.

ಈ ವಿದ್ಯೆಯಿಂದ ಗಿರಣಿಗೆ ಏನು ಲಾಭ ಎಂಬುದನ್ನು ಅಂಕಿಗಳಲ್ಲೇ ನೋಡುವುದು ಲೇಸು. ಎಚ್.ಟಿ. ಸಂಪರ್ಕವಿರುವ ಒಂದು ಗಿರಣಿಯ ಯಂತ್ರಗಳು ಒಟ್ಟು 120 ಕಿಲೋವ್ಯಾಟ್ ಕೆಲಸ ಮಾಡುತ್ತಿವೆ ಎಂದಿಟ್ಟುಕೊಳ್ಳಬಹುದು. ಅದರ ಪವರ್ ಫ್ಯಾಕ್ಟರ್ 0.75 ಇದ್ದರೆ ಮೀಟರಿನಲ್ಲಿ ದಾಖಲಾಗುವ ಬೇಡಿಕೆ 160 ಕೆ.ವಿ.ಎ. ತಕ್ಕ ಕೆಪಾಸಿಟರುಗಳನ್ನು ಜೋಡಿಸಿ ಅದನ್ನು 0.96ಕ್ಕೆ ಏರಿಸಿದರೆ ಬೇಡಿಕೆ 125 ಕೆ.ವಿ.ಎ.ಗೆ ಇಳಿಯುತ್ತದೆ. ಗಿರಣಿಯ ಒಪ್ಪಂದದ ಬೇಡಿಕೆ 140 ಕೆ.ವಿ.ಎ. ಆಗಿದ್ದರೆ ಮೊದಲ ಸ್ಥಿತಿಯಲ್ಲಿ ಮಿತಿ ಮೀರಿದ್ದಕ್ಕೆ ದಂಡ, ಪವರ್ ಫ್ಯಾಕ್ಟರ್ ಕುಸಿದದ್ದಕ್ಕೆ ಮತ್ತೊಂದು ದಂಡ. ಎರಡನೆಯದರಲ್ಲಿ ಎರಡೂ ಇಲ್ಲ. ಯಂತ್ರ ಅದೇ, ಅರೆದ ಕೊಬ್ಬರಿಯೂ ಅಷ್ಟೇ. ಜೊತೆಗೆ ತಂತಿಯಲ್ಲಿ ಹರಿಯುವ ಕರೆಂಟು ಶೇ. 22ರಷ್ಟು ತಗ್ಗುತ್ತದೆ. ನಷ್ಟವು ಕರೆಂಟಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ಗಿರಣಿಯ ಒಳಗಿನ ತಂತಿಗಳಲ್ಲಿ ಬಿಸಿಯಾಗಿ ಪೋಲಾಗುವ ವಿದ್ಯುತ್ತು ಸುಮಾರು ಶೇ. 39ರಷ್ಟು ಕಡಿಮೆಯಾಗುತ್ತದೆ. ಎಲೆಕ್ಟ್ರಿಕಲ್ ಪದವಿಯ ಆರಂಭದ ವರ್ಷಗಳಲ್ಲೇ ಕಲಿಸುವ ಪಾಠ ಇದು. ಹಲವು ಘಟಕಗಳಲ್ಲಿ ಆ ದಂಡವು ಪ್ರತಿ ತಿಂಗಳೂ 'ವಿದ್ಯುತ್ ವೆಚ್ಚ' ಎಂಬ ಒಂದೇ ಸಾಲಿನಲ್ಲಿ ಜಮಾಖರ್ಚಿನೊಳಗೆ ಸೇರಿಹೋಗುತ್ತದೆ, ಯಾರೂ ಪ್ರಶ್ನಿಸುವುದಿಲ್ಲ.

ವಿತರಣೆಯ ವಿಷಯ ಗಿರಣಿಯ ಗೋಡೆಯಾಚೆಗೂ ಹೋಗುತ್ತದೆ. 2008ರಿಂದ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತು ದೊರೆಯುತ್ತಿದೆ. ಬಯಲುಸೀಮೆಯ ರೈತನಿಗೆ ಅದು ಬೇಕಾದದ್ದೇ. ಆದರೆ ಮೀಟರಿಲ್ಲದ ಪಂಪುಗಳು ಎಷ್ಟು ಬಳಸಿದವು, ತಂತಿಯಲ್ಲಿ ಎಷ್ಟು ಸೋರಿತು ಎಂಬುದನ್ನು ಫೀಡರಿನ ಆರಂಭದಲ್ಲಿರುವ ಮೀಟರಿನಿಂದ ಅಂದಾಜು ಮಾಡಬೇಕಾಗುತ್ತದೆ. ಗ್ರಾಮಗಳ ಮನೆದೀಪದ ಫೀಡರುಗಳನ್ನು ಪಂಪುಗಳ ಫೀಡರುಗಳಿಂದ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆಯಿಂದ ಆ ಅಂದಾಜು ಸ್ವಲ್ಪ ಸುಲಭವಾಯಿತು. ಅಂದಾಜಿನ ತಪ್ಪು ಅಂತಿಮವಾಗಿ ದರದಲ್ಲಿ ಸೇರುತ್ತದೆ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ ವಾಣಿಜ್ಯ ಸಂಸ್ಥೆಗಳು 'ದರ ಏರಿಸಬೇಡಿ' ಎಂದಷ್ಟೇ ಮನವಿ ಸಲ್ಲಿಸಿದರೆ ಅದರ ತೂಕ ಕಡಿಮೆ. ಇಂಥ ಫೀಡರಿನಲ್ಲಿ ಇಷ್ಟು ಯೂನಿಟ್ಟು ಲೆಕ್ಕಕ್ಕೆ ಸಿಕ್ಕಿಲ್ಲ ಎಂದು ತೋರಿಸಬಲ್ಲವರು ಬೇಕು. ಅದು ವಕೀಲರ ಕೆಲಸವೂ ಅಲ್ಲ, ಲೆಕ್ಕಪರಿಶೋಧಕರೊಬ್ಬರಿಂದಲೇ ಆಗುವುದೂ ಅಲ್ಲ.

ಇನ್ನು ಗುಡ್ಡದ ಮೇಲಿನ ಮಾತು. 2003ರ ವಿದ್ಯುಚ್ಛಕ್ತಿ ಕಾಯ್ದೆ ಮತ್ತು 2005ರ ನಿಯಮಗಳ ಪ್ರಕಾರ ಹಲವು ಬಳಕೆದಾರರು ಸೇರಿ ಸ್ವಂತ ಬಳಕೆಯ ಉತ್ಪಾದನಾ ಘಟಕವನ್ನು ಹೊಂದಬಹುದು. ಅವರ ಪಾಲು ಬಂಡವಾಳ ಶೇ. 26ಕ್ಕೆ ಕಡಿಮೆಯಿರಬಾರದು, ಉತ್ಪಾದನೆಯ ಶೇ. 51ನ್ನಾದರೂ ಅವರೇ ಬಳಸಬೇಕು. ಎಂದರೆ ಈ ನಾಲ್ಕು ತಾಲ್ಲೂಕುಗಳ ಉದ್ಯಮಿಗಳು ಒಟ್ಟುಗೂಡಿ ತಮ್ಮದೇ ಗುಡ್ಡದ ಗಾಳಿಯಲ್ಲಿ ಪಾಲುದಾರರಾಗಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಬೇರೆಡೆ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಅರ್ಧಕ್ಕಿಳಿದರೆ ಎಂಟನೇ ಒಂದು ಪಾಲು ಉಳಿಯುತ್ತದೆ. ಆಷಾಢ, ಶ್ರಾವಣಗಳಲ್ಲಿ ಅಬ್ಬರಿಸುವ ಯಂತ್ರ ಚಳಿಗಾಲದಲ್ಲಿ ಸುಮ್ಮನಿರಬಹುದು. ಜಿನ್ನಿಂಗ್ ಕಾರ್ಖಾನೆಗೆ ಕೆಲಸ ಬರುವುದು ಹತ್ತಿ ಬಿಡಿಸಿದ ಮೇಲೆ. ಮಳೆಗಾಲದ ಯೂನಿಟ್ಟನ್ನು ಜಾಲಕ್ಕೆ ಕೊಟ್ಟು ಮುಂದೆ ಪಡೆಯುವುದಕ್ಕೆ 'ಬ್ಯಾಂಕಿಂಗ್' ಎಂಬ ಹೆಸರಿದೆ. ವರ್ತಕರಿಗೆ ಪ್ರಿಯವಾದ ಹೆಸರು, ಆದರೆ ಆ ಬ್ಯಾಂಕಿಗೆ ತಿಜೋರಿಯಿಲ್ಲ. ಜಾಲದಲ್ಲಿ ಪ್ರತಿ ಕ್ಷಣವೂ ಉತ್ಪಾದನೆ ಮತ್ತು ಬಳಕೆ ಸರಿದೂಗಬೇಕು, ಆವರ್ತನ 50 ಹರ್ಟ್ಜ್ ಬಳಿಯೇ ನಿಲ್ಲಬೇಕು. ಆದ್ದರಿಂದಲೇ ಬ್ಯಾಂಕಿಂಗ್ ಷರತ್ತುಗಳ ಕುರಿತು ವಿತರಣಾ ಕಂಪನಿಗಳಿಗೂ ಉತ್ಪಾದಕರಿಗೂ ತಗಾದೆ ತೀರುವುದಿಲ್ಲ. ಮುಕ್ತ ಪ್ರವೇಶದ ಮಿತಿಯನ್ನು ಹಸಿರು ವಿದ್ಯುತ್ತಿಗೆ 100 ಕಿಲೋವ್ಯಾಟಿಗೆ ಇಳಿಸಿದ 2022ರ ಕೇಂದ್ರ ನಿಯಮಗಳನ್ನು ಕರ್ನಾಟಕ ಹೈಕೋರ್ಟ್ 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ನಿಯಮಗಳು ಹೀಗೆ ಹೊರಳುತ್ತಿರುವಾಗ ಗಾಳಿಯ ಪಟ್ಟಿಯನ್ನೂ ಕಾರ್ಖಾನೆಯ ಬಳಕೆಯ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಓದಬಲ್ಲವರಿಲ್ಲದೆ ಹಣ ಹೂಡುವುದು ಜೂಜೇ ಸರಿ.

ಸಣ್ಣ ಘಟಕವೊಂದು ಇಂಜಿನಿಯರನ್ನು ಇಟ್ಟುಕೊಳ್ಳಲು ಸಾಧ್ಯವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಪ್ರತಿ ಅಂಗಡಿಯೂ ಒಬ್ಬ ಆಡಿಟರನ್ನು ಸಂಬಳಕ್ಕೆ ಇಟ್ಟುಕೊಂಡಿಲ್ಲ. ಒಬ್ಬರೇ ಹತ್ತಾರು ಸಂಸ್ಥೆಗಳ ಲೆಕ್ಕ ನೋಡುತ್ತಾರೆ. ಅದೇ ರೀತಿ ಒಂದು ಕೈಗಾರಿಕಾ ಪ್ರದೇಶದ ಹತ್ತು ಗಿರಣಿಗಳು ಕೂಡಿ ಒಬ್ಬ ವಿದ್ಯುತ್ ಇಂಜಿನಿಯರಿಗೆ ಗೌರವಯುತ ವೇತನ ಕೊಡಬಹುದು. ಪದವೀಧರ ಇಂಜಿನಿಯರು ಮೂರು ವರ್ಷಗಳ ಅನುಭವದ ನಂತರ ಇಂಧನ ದಕ್ಷತಾ ಬ್ಯೂರೋದ ಪರೀಕ್ಷೆ ಬರೆದು ಇಂಧನ ಲೆಕ್ಕಪರಿಶೋಧಕರಾಗಬಹುದು. ಆ ಮೂರು ವರ್ಷಗಳನ್ನು ಇದೇ ಗಿರಣಿಗಳಲ್ಲಿ ಕಳೆಯಲು ಏನು ಅಡ್ಡಿ? ಅಪ್ರೆಂಟಿಸ್ ನಿಯಮಗಳಿಗೆ 2019ರಲ್ಲಾದ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅಪ್ರೆಂಟಿಸರ ನೇಮಕ ಕಡ್ಡಾಯ, ನಾಲ್ಕು ಜನರಿರುವ ಸಂಸ್ಥೆಗೂ ಅವಕಾಶವುಂಟು. ಈ ಅವಕಾಶವನ್ನು ಕಚೇರಿಯ ಗುಮಾಸ್ತಿಕೆಗೆ ಬಳಸಿ ಮುಗಿಸುವ ಬದಲು ಎಲೆಕ್ಟ್ರಿಕಲ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ಮೀಸಲಿಡಬೇಕು.

ಕಾಲೇಜುಗಳ ಕಡೆಯಿಂದಲೂ ಕೊರತೆಯಿದೆ. ಯಂತ್ರಗಳು, ಪ್ರಸರಣ, ರಕ್ಷಣಾ ವ್ಯವಸ್ಥೆ, ಪವರ್ ಎಲೆಕ್ಟ್ರಾನಿಕ್ಸ್ ಪಠ್ಯದಲ್ಲಿವೆ. ದರಪಟ್ಟಿ ಓದುವುದು, ಒಂದು ಫೀಡರಿನ ಲೆಕ್ಕ ಕಟ್ಟುವುದು ಪರೀಕ್ಷೆಯಲ್ಲಿ ಬರುವುದು ಅಪರೂಪ. ದಾವಣಗೆರೆಯಲ್ಲಿ 1951ರಷ್ಟು ಹಿಂದೆಯೇ ಸ್ಥಾಪಿತವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿದೆ, ಅಲ್ಲಿನ ಎಲೆಕ್ಟ್ರಿಕಲ್ ವಿದ್ಯಾರ್ಥಿಗಳಿಗೆ ಚಿತ್ರದುರ್ಗವು ಒಂದೂವರೆ ಗಂಟೆಯ ದಾರಿಯೂ ಅಲ್ಲ. ಅಂತಿಮ ವರ್ಷದ ಯೋಜನಾ ಕಾರ್ಯಕ್ಕೆ ವಿಷಯ ಹುಡುಕುವ ಹೊತ್ತಿಗೆ ಇಲ್ಲಿನ ಐದಾರು ಘಟಕಗಳು ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳ ಪ್ರತಿ ಮತ್ತು ಮೋಟಾರುಗಳ ಪಟ್ಟಿಯನ್ನು ಕಾಲೇಜಿಗೆ ಕಳುಹಿಸಿದರೆ ಕೆಲಸ ಆರಂಭವಾಗುತ್ತದೆ. ಖರ್ಚು ಜೆರಾಕ್ಸಿನದು ಮಾತ್ರ.