ಹೊಸೂರು ದೊಡ್ಡದಾಯಿತು, ಲೆಕ್ಕದಲ್ಲಿ ನಾವಿದ್ದೇವೆಯೇ?

ಹೊಸೂರು ಈಗ ಮಹಾನಗರ ಪಾಲಿಕೆ. 2019ರ ಫೆಬ್ರವರಿಯಲ್ಲಿ ನಗರಸಭೆಗೆ ಈ ಬಡ್ತಿ ಸಿಕ್ಕಿತು. 2011ರ ಜನಗಣತಿಯಲ್ಲಿ ನಗರಸಭೆಯ ಜನಸಂಖ್ಯೆ 1,16,821. ಆ ಸಂಖ್ಯೆ ಹಳೆಯದಾಯಿತೆಂದು ಹೊಸ ಬಡಾವಣೆಗಳನ್ನು ಕಂಡವರಿಗೆ ಬೇರೆ ಹೇಳಬೇಕಿಲ್ಲ.

ಊರಿನ ಆಡಳಿತದ ವಿಳಾಸ ಹಿಂದೆಯೂ ಬದಲಾಗಿದೆ. ಮೊದಲು ಸೇಲಂ ಜಿಲ್ಲೆ, 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ. ವಿಳಾಸ ಬದಲಾದರೂ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವುದು ನಿಂತಿಲ್ಲ.

ಬಡ್ತಿಯಿಂದ ರಸ್ತೆ, ನೀರು, ಬೆಳಕು ಸುಧಾರಿಸಿದರೆ ಸಂತೋಷವೇ. ಆದರೆ ಕನ್ನಡ ಮನೆಗಳು ಗಮನಿಸಬೇಕಾದ ಲೆಕ್ಕ ಒಂದಿದೆ. ಜಿಲ್ಲೆ, ತಾಲೂಕು ಅಥವಾ ನಗರದಲ್ಲಿ ಶೇ. 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳು ಸಿಗಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗಾಗಿ ಒಪ್ಪಿಕೊಂಡ ಕ್ರಮ. ದುಡಿಮೆ ಅರಸಿ ಸಾವಿರಾರು ಜನ ಬಂದು ನೆಲೆಸಿದರೆ, ನಮ್ಮ ಸಂಖ್ಯೆ ಕುಗ್ಗದಿದ್ದರೂ ನಮ್ಮ ಪಾಲು ಕುಗ್ಗುತ್ತದೆ. ಬಂದವರದು ತಪ್ಪಲ್ಲ, ನಮ್ಮ ಮಕ್ಕಳೂ ಹೀಗೆಯೇ ಬೆಂಗಳೂರಿಗೆ ಹೋಗುತ್ತಾರೆ.

ಶಾಲೆಯ ಲೆಕ್ಕ ಬೇರೆ. ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಪ್ರಾಥಮಿಕ ಹಂತದಲ್ಲಿ ಅವರ ಮಾತೃಭಾಷೆಯಲ್ಲಿ ಕಲಿಸಲು ಶಿಕ್ಷಕರನ್ನು ಕೊಡಬೇಕೆಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಸಚಿವರು ಒಪ್ಪಿದ್ದರು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯೂ ಮಾತೃಭಾಷಾ ಶಿಕ್ಷಣದ ಹೊಣೆಯನ್ನು ರಾಜ್ಯಗಳಿಗೆ ಒಪ್ಪಿಸಿದೆ. ಇಲ್ಲಿ ಶೇಕಡಾವಾರು ಮಾತಿಲ್ಲ. ಊರಿನ ಜನಸಂಖ್ಯೆ ಒಂದು ಲಕ್ಷವಿರಲಿ, ಐದು ಲಕ್ಷವಿರಲಿ, ಹತ್ತು ಮಕ್ಕಳು ಹತ್ತು ಮಕ್ಕಳೇ.

ಆ ಹತ್ತು ಮಕ್ಕಳು ಎಲ್ಲಿದ್ದಾರೆ? ಶಿಕ್ಷಕರಿಲ್ಲವೆಂದು ನಾವು ಮಗುವನ್ನು ಬಿಡಿಸಿದರೆ, ಮಕ್ಕಳಿಲ್ಲವೆಂದು ಇಲಾಖೆ ಶಿಕ್ಷಕರನ್ನು ಕೊಡುವುದಿಲ್ಲ. ಈ ಸುತ್ತನ್ನು ಮುರಿಯುವ ಕೆಲಸ ಇಬ್ಬರದೂ ಹೌದು. ಖಾಲಿ ಹುದ್ದೆ ತುಂಬುವುದು, ಪಠ್ಯಪುಸ್ತಕ ಸಕಾಲಕ್ಕೆ ತಲುಪಿಸುವುದು ಸರ್ಕಾರದ ಹೊಣೆ. ದಾಖಲಾತಿ ನಮ್ಮ ಹೊಣೆ. ಮಗು ತಮಿಳನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಅದಕ್ಕಾಗಿ ಕನ್ನಡ ಶಾಲೆಯ ಬಾಗಿಲು ಮುಚ್ಚಬೇಕಿಲ್ಲ.

ಇನ್ನೊಂದು ಮಾತು. ಮುಂದಿನ ಜನಗಣತಿಯ ಎಣಿಕೆಗೆ 2027ರ ಮಾರ್ಚ್ 1 ಆಧಾರ ದಿನ. ಗಣತಿದಾರರು ಕೇಳುವ ಮಾತೃಭಾಷೆ ಎಂದರೆ ಎಳವೆಯಲ್ಲಿ ತಾಯಿ ನಿಮ್ಮೊಡನೆ ಆಡಿದ ಮಾತು. ಕಚೇರಿಯ ಮಾತಲ್ಲ, ಓದಿದ ಮಾಧ್ಯಮವೂ ಅಲ್ಲ. ನಿಮ್ಮಮ್ಮ ಆಡಿದ್ದು ಕನ್ನಡವಾದರೆ ಕನ್ನಡವೆಂದೇ ಬರೆಸಿ, ಬರೆದುಕೊಂಡರೇ ಎಂದು ನೋಡಿ. ಬೇರೆ ಬಲ್ಲ ಭಾಷೆಗಳಿಗೆ ಪ್ರತ್ಯೇಕ ಜಾಗವಿದೆ.

ನಗರದ ದರ್ಜೆಯನ್ನು ಸರ್ಕಾರ ನಿರ್ಧರಿಸುತ್ತದೆ. ಗಣತಿಯ ಕಾಲಂ ಮತ್ತು ಶಾಲೆಯ ಹಾಜರಿ ಪುಸ್ತಕದಲ್ಲಿ ಏನಿರಬೇಕೆಂಬುದು ನಿಮ್ಮ ಕೈಯಲ್ಲಿದೆ.