ಐದು ನಕ್ಷತ್ರಗಳ ಸಂಘ

ಕಳೆದ ತಿಂಗಳು ಸೇರಿದ ಸಂಘದ ಮಹಾಸಭೆಯ ಮುಂದೆ ಎರಡು ಗೊತ್ತುವಳಿಗಳು ಬಂದವು. ಪೇಟೆಯ ಚಿಕ್ಕ ವ್ಯಾಪಾರಿಗಳನ್ನು ಸಹಾಯಕ ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೆಂಬುದು ಒಂದು. ಗುತ್ತಿಗೆದಾರರು ಬಿಹಾರ, ಒಡಿಶಾಗಳಿಂದ ಕರೆತಂದಿರುವ ಗಿರಣಿ ಕೆಲಸಗಾರರಿಗೆ ಸದಸ್ಯತ್ವ ಕೊಡಕೂಡದೆಂಬುದು ಇನ್ನೊಂದು. ಎರಡರ ಮೇಲೂ ಗಲಾಟೆಯಾಗಿ, ಯಾವುದೂ ತೀರ್ಮಾನವಾಗದೆ, ಸಭೆ ಮುಂದಕ್ಕೆ ಹೋಯಿತು. ಆ ಗಲಾಟೆಯ ನಡುವೆ ಹಿರಿಯರೊಬ್ಬರು ಎದ್ದುನಿಂತು, "ಸಂಘವೆಂದರೆ ಅಣ್ಣತಮ್ಮಂದಿರ ಮನೆ, ಧರ್ಮಛತ್ರವಲ್ಲ" ಎಂದರು. ಮಾತಿಗೆ ಚಪ್ಪಾಳೆಯೂ ಬಿತ್ತು. ಅಣ್ಣತಮ್ಮಂದಿರ ಮನೆ ಎಂಬ ಈ ಮಾತನ್ನೇ ಮನಸಾರೆ ನಂಬಿ, ಅದಕ್ಕೆ ತಕ್ಕ ಗುರುತು, ವಿಧಿ, ಪ್ರತಿಜ್ಞೆಗಳನ್ನೆಲ್ಲ ಏರ್ಪಡಿಸಿಕೊಂಡು, ಏಳು ಲಕ್ಷ ಜನರವರೆಗೆ ಬೆಳೆದು, ಆಮೇಲೆ ಕರಗಿಹೋದ ಸಂಘವೊಂದು ಅಮೇರಿಕದಲ್ಲಿತ್ತು. ಸಭೆ ಮತ್ತೆ ಸೇರುವ ಮೊದಲು ಅದರ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡುವುದು ಅಗತ್ಯವೆಂದು ಭಾವಿಸುತ್ತೇವೆ.

ಆ ಸಂಘದ ಹೆಸರು 'ನೈಟ್ಸ್ ಆಫ್ ಲೇಬರ್'. ಶ್ರಮವೀರರು ಎಂದು ನಾವು ಕರೆಯೋಣ. 1869ರ ಡಿಸೆಂಬರಿನಲ್ಲಿ ಫಿಲಡೆಲ್ಫಿಯ ನಗರದ ಬೆರಳೆಣಿಕೆಯ ಬಟ್ಟೆ ಕತ್ತರಿಸುವ ಕೆಲಸಗಾರರು ಇದನ್ನು ಕಟ್ಟಿದರು. ಅವರಿಗೆ ಅದಕ್ಕೂ ಹಿಂದೆ ಒಂದು ಸಂಘವಿತ್ತು. ಕೈಯಲ್ಲಿ ದುಡ್ಡಿಲ್ಲದೆ ಅದು ಮುಚ್ಚಿಹೋಗಿತ್ತು. ಹೊಸದಕ್ಕೆ ಮುಂದಾಳಾದವನು ಯೂರಿಯಾ ಸ್ಟೀವನ್ಸ್. ಪಾದ್ರಿಯಾಗಬೇಕೆಂದು ಓದುತ್ತಿದ್ದವನು, 1837ರ ಹಣಕಾಸಿನ ಮುಗ್ಗಟ್ಟಿನಲ್ಲಿ ಓದು ಬಿಟ್ಟು ದರ್ಜಿಯ ಕೆಲಸ ಕಲಿತ. ಕೆಲವು ಕಾಲ ಶಾಲೆಯಲ್ಲಿ ಪಾಠವನ್ನೂ ಹೇಳಿದವನು. (ಮಾಸ್ತರಿಕೆ ಬಿಟ್ಟು ಸಂಘದ ಕೆಲಸಕ್ಕಿಳಿದವರು ನಾವೊಬ್ಬರೇ ಅಲ್ಲವೆಂಬ ಸಮಾಧಾನ ನಮಗೆ.)

ಸ್ಟೀವನ್ಸ್ ಫ್ರೀಮೇಸನ್ ಬಂಧುಕೂಟದ ಸದಸ್ಯನೂ ಆಗಿದ್ದ. ಆ ಕೂಟದ ಹೆಸರಿನಲ್ಲೇ ಕಲ್ಲುಕುಟಿಗರಿದ್ದಾರೆ. ಮೂಲೆಮಟ್ಟ, ಕೈವಾರ ಅದರ ಲಾಂಛನ. ಆದರೆ 1717ರ ಜೂನ್ 24ರಂದು ಲಂಡನ್ನಿನಲ್ಲಿ ನಾಲ್ಕು ಶಾಖೆಗಳು ಕೂಡಿ ಮಹಾಶಾಖೆಯಾದ ಮೇಲೆ, ಅದರಲ್ಲಿ ಕಲ್ಲು ಕಡೆಯುವವರಿಗಿಂತ ಜಮೀನುದಾರರೂ ಧನಿಕರೂ ಮುಂದಾದರು. ದುಡಿಯುವವನ ಹತ್ಯಾರು ದುಡಿಯದವನ ಎದೆಯ ಮೇಲಿನ ಪದಕವಾಯಿತು. ಗುರುತಿನ ಕೈಹಿಡಿತ, ಗುಟ್ಟಿನ ಮಾತು, ಸತ್ತವನ ಹೆಂಡತಿ ಮಕ್ಕಳಿಗೆ ಸಹಾಯ ಎಲ್ಲವೂ ಅವರಲ್ಲಿದ್ದವು. ಶ್ರೀಮಂತರಿಗೆ ಇಷ್ಟೆಲ್ಲ ಬಂಧುತ್ವ ಬೇಕಾದರೆ, ಹಸಿದವನಿಗೆ ಬೇಡವೇ? ಸ್ಟೀವನ್ಸನು ಆ ಹತ್ಯಾರುಗಳನ್ನು ದುಡಿಯುವ ಕೈಗೆ ಮರಳಿ ಕೊಡಲು ಹೊರಟನೆಂದು ಹೇಳಬಹುದು.

ಸಭೆ ನಡೆಯುವ ಕೋಣೆಗೆ ಎರಡು ತೆರೆ. ಹೊರಗಿನ ತೆರೆಯ ಮುಂದೆ ಒಂದು ಭೂಗೋಲ. ಲೋಕದ ಯಾವ ಮೂಲೆಯ ದುಡಿಮೆಗಾರನಿಗೂ ಇಲ್ಲಿ ಜಾಗವುಂಟು ಎಂಬುದರ ಗುರುತು. ಒಳಗಿನ ತೆರೆಯ ಮುಂದೆ ಒಂದು ಈಟಿ. ಒಳಗಿರುವವರನ್ನು ಕಾಯುವುದು ಅದರ ಅರ್ಥ. ನಡುವಿನ ಕೋಣೆಯಲ್ಲಿ ಮೂರು ಮೂಲೆಯ ಕೆಂಪು ಪೀಠ, ಅದರ ಮೇಲೆ ಮುಚ್ಚಿದ ಧರ್ಮಗ್ರಂಥ. ಅಧ್ಯಕ್ಷನಿಗೆ 'ಮಾಸ್ಟರ್ ವರ್ಕ್‌ಮನ್', ಅಂದರೆ ಹಿರಿಯ ಕೆಲಸಗಾರ ಎಂಬ ಬಿರುದು. ಹೊಸಬನನ್ನು ಒಳಗೆ ಕರೆತರುವ ಅಧಿಕಾರಿಗೆ 'ಅಜ್ಞಾತ ವೀರ' ಎಂಬ ಹೆಸರು. ಕೈಕುಲುಕುವುದಕ್ಕೂ ಒಂದು ಕ್ರಮವಿತ್ತು. ಅದರಲ್ಲಿ ಹೆಬ್ಬೆರಳಿಗೆ ವಿಶೇಷ ಸ್ಥಾನ. ಮನುಷ್ಯನನ್ನು ಪ್ರಾಣಿಯಿಂದ ಬೇರೆ ಮಾಡಿದ್ದು, ಅವನಿಂದ ಎಲ್ಲ ಕೆಲಸವನ್ನೂ ಮಾಡಿಸುವುದು ಹೆಬ್ಬೆರಳೇ ಎಂದು ಹೊಸಬನಿಗೆ ತಿಳಿಹೇಳುತ್ತಿದ್ದರು. ಹರಿದ ಎಳೆಯನ್ನು ಓಡುವ ಯಂತ್ರದಲ್ಲೇ ಕೂಡಿಸುವ ನಮ್ಮ ಗಿರಣಿಯ ಅಕ್ಕತಂಗಿಯರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಒಬ್ಬನಿಗಾದ ಅನ್ಯಾಯ ಎಲ್ಲರ ಚಿಂತೆ ಎಂಬುದು ಅವರ ಧ್ಯೇಯವಾಕ್ಯ.

ಇದೆಲ್ಲ ಬರೀ ವೇಷವೆಂದು ನಗುವವರು ನಮ್ಮಲ್ಲೂ ಇದ್ದಾರೆ. ನಾವು ನಗುವುದಿಲ್ಲ. ಹನ್ನೆರಡು ತಾಸು ದುಡಿದು, ಮೇಸ್ತ್ರಿಯ ಬಾಯಿಂದ ಬೈಗುಳದ ಹೊರತು ಬೇರೆ ಹೆಸರನ್ನೇ ಕೇಳದ ಮನುಷ್ಯನನ್ನು, ಒಂದು ಕೋಣೆಯಲ್ಲಿ ಇಪ್ಪತ್ತು ಜನ ಎದ್ದುನಿಂತು ವೀರ ಎಂದು ಕರೆದರೆ ಅವನ ಬೆನ್ನು ನೆಟ್ಟಗಾಗುತ್ತದೆ. ಚಂದಾ ರಸೀದಿಯೊಂದರಿಂದಲೇ ಆಗುವ ಕೆಲಸವಲ್ಲ ಅದು.

ಗುಟ್ಟಿಗೆ ಇನ್ನೂ ಗಟ್ಟಿಯಾದ ಕಾರಣವಿತ್ತು. ಸಂಘ ಸೇರಿದವನ ಹೆಸರು ಮಾಲೀಕರ ಕರಿಪಟ್ಟಿಗೆ ಹೋಗುತ್ತಿತ್ತು. ಆಮೇಲೆ ಅವನಿಗೆ ಊರಿನಲ್ಲೆಲ್ಲೂ ಕೆಲಸವಿಲ್ಲ. ಆದ್ದರಿಂದ ಸಂಘದ ಹೆಸರನ್ನು ಹೊರಗೆ ಆಡುವಂತಿರಲಿಲ್ಲ, ಬರೆಯುವಂತಿರಲಿಲ್ಲ. ಬರೆಯಬೇಕಾದ ಕಡೆ ಐದು ನಕ್ಷತ್ರಚಿಹ್ನೆಗಳನ್ನು ಹಾಕುತ್ತಿದ್ದರು. ಫಿಲಡೆಲ್ಫಿಯದ ಬೀದಿಗಳಲ್ಲಿ ಸೀಮೆಸುಣ್ಣದ ಗುರುತು ಕಾಣಿಸಿಕೊಂಡರೆ, ಅರ್ಥ ಬಲ್ಲವರು ಸದ್ದಿಲ್ಲದೆ ಬಂದು ಸೇರುತ್ತಿದ್ದರು. ಪತ್ರಿಕೆಗಳು ಗಾಬರಿಯಾದವು. ಆದರೆ ಗುಟ್ಟು ಮಾಲೀಕನನ್ನಷ್ಟೇ ದೂರವಿಡುವುದಿಲ್ಲ, ನೆರೆಯವನಲ್ಲೂ ಸಂಶಯ ಹುಟ್ಟಿಸುತ್ತದೆ. ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಗಳಲ್ಲಿ ಗುಪ್ತಕೂಟದವರೆಂಬ ಆರೋಪ ಹೊರಿಸಿ, 1877ರಿಂದ 1879ರ ಒಳಗೆ ಇಪ್ಪತ್ತು ಐರಿಷ್ ಜನರನ್ನು ಗಲ್ಲಿಗೇರಿಸಿದರು. ಕ್ಯಾಥೊಲಿಕ್ ಪಾದ್ರಿಗಳು ಗುಟ್ಟಿನ ಪ್ರಮಾಣವೆಂದರೆ ಸಿಡಿದೇಳುತ್ತಿದ್ದರು. ಸದಸ್ಯರಲ್ಲೋ ಬಹುಮಂದಿ ಕ್ಯಾಥೊಲಿಕರೇ. ಕೊನೆಗೆ 1881ರಲ್ಲಿ ತೀರ್ಮಾನಿಸಿ, 1882ರ ಜನವರಿ 1ರಿಂದ ಹೆಸರನ್ನು ಬಹಿರಂಗಪಡಿಸಿದರು. ಪ್ರಮಾಣದ ಬದಲು ಮಾನವಂತನ ಮಾತು ಕೊಟ್ಟರೆ ಸಾಕೆಂದಾಯಿತು. ಸ್ಟೀವನ್ಸನು ಆ ವರ್ಷವೇ ತೀರಿಕೊಂಡ.

ಇನ್ನು ನಮ್ಮ ಮೊದಲ ಗೊತ್ತುವಳಿಗೆ ಬರೋಣ. ಯಾರನ್ನು ಸೇರಿಸಿಕೊಳ್ಳಬೇಕೆಂಬ ವಿಚಾರದಲ್ಲಿ ಶ್ರಮವೀರರು ಆ ಕಾಲದ ಇತರ ಸಂಘಗಳಿಗಿಂತ ಬೇರೆ ದಾರಿ ಹಿಡಿದರು. ಮೊದಮೊದಲು ಬಟ್ಟೆ ಕತ್ತರಿಸುವವರಷ್ಟೇ ಇದ್ದಲ್ಲಿಗೆ ಬೇರೆ ಕಸುಬಿನವರನ್ನು 'ಯಾತ್ರಿಕ'ರೆಂಬ ಹೆಸರಿನಲ್ಲಿ ಬರಮಾಡಿಕೊಂಡರು. ಆ ಯಾತ್ರಿಕರು ತಮ್ಮ ಕಸುಬಿನವರು ಸಾಕಷ್ಟಾದ ಮೇಲೆ ತಮ್ಮದೇ ಶಾಖೆ ಕಟ್ಟಿಕೊಳ್ಳುತ್ತಿದ್ದರು. ಕುಶಲಿ, ಅಕುಶಲಿ ಎಂಬ ಭೇದವಿರಲಿಲ್ಲ. ಶಾಖೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಕೂಲಿ ಸಂಬಳದವರಿರಬೇಕು; ಉಳಿದ ಒಂದು ಪಾಲಿನಲ್ಲಿ ಚಿಕ್ಕ ಅಂಗಡಿಕಾರನೂ ರೈತನೂ ಬರಬಹುದು. ಬರಕೂಡದವರು ಯಾರು? ಬ್ಯಾಂಕಿನ ಧಣಿ, ವಕೀಲ, ಷೇರುಪೇಟೆಯ ಜೂಜುಗಾರ, ಹೆಂಡ ಮಾರುವವನು. ವಕೀಲ ಮಿತ್ರರು ನಮ್ಮನ್ನು ಕ್ಷಮಿಸಬೇಕು, ಪಟ್ಟಿ ನಮ್ಮದಲ್ಲ.

ಈ ಲೆಕ್ಕ ನಮಗೆ ಸರಿಯೆನಿಸುತ್ತದೆ. ಗಿರಣಿಗೆ ಬೀಗ ಬಿದ್ದ ತಿಂಗಳು ಕೆಲಸಗಾರನ ಮನೆಗೆ ಅಕ್ಕಿ ಎಲ್ಲಿಂದ ಬರುತ್ತದೆ? ಸಂತೆಬೀದಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಿಂದ. ಆ ಅಂಗಡಿಯವನಿಗೂ ಸಗಟು ವ್ಯಾಪಾರಿಯ ಬಾಕಿ ಇದೆ, ಮಳಿಗೆಯ ಬಾಡಿಗೆ ಇದೆ. ಕೆಲಸಗಾರನ ಸಂಬಳ ನಿಂತರೆ ಅವನ ಗಲ್ಲಾಪೆಟ್ಟಿಗೆಯೂ ಖಾಲಿ. ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಾನೆಂದು ಸಭೆಯಲ್ಲಿ ಕೂಗಿದವರು, ಉದ್ರಿ ತೀರಿಸದೆ ಅಂಗಡಿ ಬದಲಾಯಿಸಿದವರನ್ನೂ ನೆನೆಯಬೇಕಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ತೂಕದ ಮಾತೂ ಬಾಕಿಯ ಮಾತೂ ಎದುರೆದುರೇ ಆಡಬಹುದು. ಆದರೆ ಮುಕ್ಕಾಲು ಪಾಲು ಮತ ಕೂಲಿಕಾರನದೇ ಆಗಿರಬೇಕು. ಈ ವಿಚಾರದಲ್ಲಿ ನಮಗೆ ಸಂದೇಹವಿಲ್ಲ.

1881ರಲ್ಲಿ ಫಿಲಡೆಲ್ಫಿಯದ ಪಾದರಕ್ಷೆ ಕಾರ್ಖಾನೆಯ ಹೆಂಗಸರು ಶಾಖೆ ಕಟ್ಟಿಕೊಂಡು ಒಳಬಂದರು. 1886ರಲ್ಲಿ ಸಂಘವು ಹೆಂಗಸರ ಕೆಲಸಕ್ಕೆಂದೇ ಒಂದು ಇಲಾಖೆ ತೆರೆದು, ಹೊಸೈರಿ ಗಿರಣಿಯಲ್ಲಿ ದುಡಿದಿದ್ದ ಲಿಯೊನೊರಾ ಬ್ಯಾರಿಯೆಂಬ ವಿಧವೆಗೆ ವಹಿಸಿತು. ನೀಗ್ರೊ ಎಂದು ಬಿಳಿಯರು ದೂರವಿಟ್ಟಿದ್ದ ಕರಿಯ ಜನರೂ ಸಾವಿರ ಸಾವಿರವಾಗಿ ಸದಸ್ಯರಾದರು. 1886ರ ಅಕ್ಟೋಬರಿನಲ್ಲಿ ರಿಚ್ಮಂಡ್ ನಗರದಲ್ಲಿ ಮಹಾಸಭೆ. ನ್ಯೂಯಾರ್ಕಿನ ಪ್ರತಿನಿಧಿಗಳಲ್ಲಿ ಫ್ರಾಂಕ್ ಫೆರೆಲ್ ಎಂಬ ಕರಿಯನಿದ್ದನೆಂದು ಅವರು ಗೊತ್ತುಮಾಡಿದ್ದ ಹೋಟೆಲು ಅವನಿಗೆ ಕೋಣೆ ಕೊಡಲೊಪ್ಪಲಿಲ್ಲ. ಜೊತೆಯ ಬಿಳಿಯ ಪ್ರತಿನಿಧಿಗಳೆಲ್ಲ ಆ ಹೋಟೆಲನ್ನು ಬಿಟ್ಟರು. ರಾಜ್ಯದ ಗವರ್ನರ್ ಕೂತಿದ್ದ ವೇದಿಕೆಯಲ್ಲಿ, ಸಂಘದ ಮುಖ್ಯಸ್ಥ ಪೌಡರ್ಲಿಯನ್ನು ಸಭೆಗೆ ಪರಿಚಯಿಸಿದವನು ಅದೇ ಫೆರೆಲ್. ಗುಲಾಮಗಿರಿ ಹೋಗಿ ಇಪ್ಪತ್ತೊಂದೇ ವರ್ಷವಾಗಿದ್ದ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇದಕ್ಕೆ ಕರಿಯರು ತೆತ್ತ ಬೆಲೆಯೂ ಸಣ್ಣದಲ್ಲ. ಮರುವರ್ಷದ ನವೆಂಬರಿನಲ್ಲಿ ಲೂಸಿಯಾನದ ಕಬ್ಬಿನ ಸೀಮೆಯಲ್ಲಿ ದಿನಕ್ಕೆ ಒಂದೂಕಾಲು ಡಾಲರು ಕೂಲಿ ಕೇಳಿ, ಚೀಟಿಯ ಬದಲು ನಗದು ಕೇಳಿ ಮುಷ್ಕರ ಹೂಡಿದ ಸಾವಿರಾರು ಶ್ರಮವೀರರ ಮೇಲೆ, ಥಿಬೊಡೊ ಪಟ್ಟಣದಲ್ಲಿ ಬಿಳಿಯರ ಶಸ್ತ್ರಧಾರಿ ಗುಂಪು ಗುಂಡು ಹಾರಿಸಿತು. ಹತ್ತಾರು ಜನ ಸತ್ತರು.

ಇಷ್ಟು ದೊಡ್ಡ ಮನಸ್ಸಿನ ಸಂಘ ಒಬ್ಬನಿಗೆ ಮಾತ್ರ ಬಾಗಿಲು ಹಾಕಿತು. ಅವನು ಚೀನೀ ಕೂಲಿಕಾರ. ಅವನು ಕಡಿಮೆ ಕೂಲಿಗೆ ಬರುತ್ತಾನೆ, ಅವನ ಭಾಷೆ ತಿಳಿಯದು, ಅವನು ಮುಷ್ಕರ ಮಾಡುವವನಲ್ಲ. ಈ ಮಾತುಗಳನ್ನು ನಮ್ಮ ವಾಚಕರು ಕಳೆದ ತಿಂಗಳೇ ಕೇಳಿದ್ದಾರೆ, ಊರಿನ ಹೆಸರಷ್ಟೇ ಬೇರೆ. ಚೀನೀಯರು ದೇಶಕ್ಕೆ ಬಾರದಂತೆ ತಡೆದ 1882ರ ಕಾನೂನಿಗೆ ಸಂಘ ಬೆಂಬಲ ಕೊಟ್ಟಿತು. ವಯೊಮಿಂಗ್ ಪ್ರಾಂತದ ರಾಕ್ ಸ್ಪ್ರಿಂಗ್ಸ್ ಎಂಬ ಗಣಿಯೂರಿಗೆ ರೈಲ್ವೆ ಕಂಪನಿ 1875ರಲ್ಲೇ ಮುಷ್ಕರ ಮುರಿಯಲೆಂದು ಚೀನೀಯರನ್ನು ತಂದಿತ್ತು. 1885ರ ಸೆಪ್ಟೆಂಬರ್ 2ರಂದು ಬಿಳಿಯ ಗಣಿಗಾರರು ಅವರ ಬಿಡಾರಕ್ಕೆ ನುಗ್ಗಿ ಬೆಂಕಿಯಿಟ್ಟು, 28 ಮಂದಿಯನ್ನು ಕೊಂದರು. ಕೊಂದವರಲ್ಲಿ ಶ್ರಮವೀರರ ಸದಸ್ಯರೂ ಇದ್ದರು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ.

ಲಾಭ ಯಾರಿಗಾಯಿತು? ಕೆಲವೇ ದಿನಗಳಲ್ಲಿ ಸರ್ಕಾರದ ಸೈನ್ಯದ ಕಾವಲಿನಲ್ಲಿ ಉಳಿದ ಚೀನೀಯರನ್ನು ಮರಳಿ ತಂದು ಕಂಪನಿ ಗಣಿ ತೆರೆಯಿತು. ಅನೇಕ ಬಿಳಿಯರನ್ನು ಕೆಲಸದಿಂದ ತೆಗೆಯಿತು. ಚೀನೀಯನು ಮುಷ್ಕರಕ್ಕೆ ಬರುವುದಿಲ್ಲವೆಂದು ದೂರಿದವರು, ಅವನು ಮುಷ್ಕರಕ್ಕೆ ಬರಲು ಬೇಕಾದ ಸದಸ್ಯತ್ವವನ್ನೇ ಕೊಟ್ಟಿರಲಿಲ್ಲ! ಎರಡು ವರ್ಷಗಳ ಮೇಲೆ ನ್ಯೂಯಾರ್ಕಿನ ಕೆಲವು ಸದಸ್ಯರು ಚೀನೀಯರ ಶಾಖೆಗಳನ್ನು ಕಟ್ಟಲು ಹೊರಟಾಗಲೂ ಕೇಂದ್ರ ಸಮಿತಿ ಮಾನ್ಯತೆ ನಿರಾಕರಿಸಿತು. ತೆರೆಯ ಮುಂದಿನ ಭೂಗೋಲದಲ್ಲಿ ಚೀನಾದೇಶ ಇರಲಿಲ್ಲವೇ ಎಂದು ಅವರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

ಸಂಘದ ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇವೆ. 1885ರಲ್ಲಿ ರೈಲ್ವೆ ಧಣಿ ಜೇ ಗೂಲ್ಡನನ್ನು ಮಣಿಸಿದ ಕೀರ್ತಿಯಿಂದ, ಸುಮಾರು ಒಂದು ಲಕ್ಷವಿದ್ದ ಸದಸ್ಯತ್ವ ಒಂದೇ ವರ್ಷದಲ್ಲಿ ಏಳು ಲಕ್ಷ ಮೀರಿತು. 1886ರ ಮಾರ್ಚಿನಲ್ಲಿ, ಸಂಘದ ಸಭೆಗೆ ಹೋದ ಒಬ್ಬ ಮೇಸ್ತ್ರಿಯನ್ನು ತೆಗೆದದ್ದಕ್ಕೆ ಹೂಡಿದ ಎರಡನೆಯ ಮುಷ್ಕರ ಸೋತುಹೋಯಿತು. ಮುಖ್ಯಸ್ಥ ಪೌಡರ್ಲಿಗೆ ಮುಷ್ಕರವೆಂದರೆ ಅಳುಕು. ಎಂಟು ತಾಸಿನ ದಿನಕ್ಕಾಗಿ ಮೇ 1ರಂದು ನಡೆಯಲಿದ್ದ ಹೋರಾಟಕ್ಕೆ ಸೇರಬೇಡಿರೆಂದು ಅವನು ಗುಟ್ಟಿನ ಸುತ್ತೋಲೆ ಕಳಿಸಿದ. ಕೆಳಗಿನ ಸದಸ್ಯರು ಸಾವಿರಾರು ಜನ ಸೇರಿಯೇಬಿಟ್ಟರು. ಮೇ 4ರಂದು ಚಿಕಾಗೋದ ಹೇಮಾರ್ಕೆಟ್ಟಿನಲ್ಲಿ ಬಾಂಬು ಬಿದ್ದ ಮೇಲೆ ಗಲ್ಲಿಗೆ ಹೋದ ಆಲ್ಬರ್ಟ್ ಪಾರ್ಸನ್ಸ್ ಸ್ವತಃ ಶ್ರಮವೀರ. ಅವನಿಗೂ ಅವನ ಸಂಗಾತಿಗಳಿಗೂ ದಯೆ ಕೋರುವ ಗೊತ್ತುವಳಿಯನ್ನು ಪೌಡರ್ಲಿ ವಿರೋಧಿಸಿದ. ಒಬ್ಬನಿಗಾದ ಅನ್ಯಾಯ ಎಲ್ಲರ ಚಿಂತೆ ಎಂಬ ವಾಕ್ಯ ಗೋಡೆಯ ಮೇಲೆ ಹಾಗೆಯೇ ಇತ್ತು. ಆ ಡಿಸೆಂಬರಿನಲ್ಲಿ ಕುಶಲಿಗಳು ಸ್ಯಾಮ್ಯುಯೆಲ್ ಗಾಂಪರ್ಸನ ಮುಂದಾಳುತನದಲ್ಲಿ ಬೇರೆ ಒಕ್ಕೂಟ ಮಾಡಿಕೊಂಡರು. 1890ರ ಹೊತ್ತಿಗೆ ಶ್ರಮವೀರರು ಮತ್ತೆ ಒಂದು ಲಕ್ಷದ ಹತ್ತಿರಕ್ಕೆ ಇಳಿದಿದ್ದರು. ಪೌಡರ್ಲಿ 1893ರಲ್ಲಿ ಗಾದಿ ಬಿಟ್ಟು, 1897ರಲ್ಲಿ ಸರ್ಕಾರದ ವಲಸೆ ಇಲಾಖೆಯ ಮುಖ್ಯ ಅಧಿಕಾರಿಯಾದ. ಒಂದು ಕಾಲಕ್ಕೆ ಭೂಗೋಲದ ಹಿಂದೆ ಕೂತವನಿಗೆ ಬಂದರಿನಲ್ಲಿ ಕೂತು ಚೀನೀಯರನ್ನು ತಡೆಯುವ ಕೆಲಸ!

ಈಗ ನಮ್ಮ ಎರಡನೆಯ ಗೊತ್ತುವಳಿ. ಒಡಿಶಾದ ಹುಡುಗ ನಮ್ಮ ಕೂಲಿಯನ್ನು ಇಳಿಸಿದನೆಂಬುದು ಸುಳ್ಳು. ಇಳಿಸಿದವನು ಅವನನ್ನು ಕರೆತಂದ ಗುತ್ತಿಗೆದಾರ, ಆ ಗುತ್ತಿಗೆಗೆ ಸಹಿ ಹಾಕಿದ ಮಾಲೀಕ. ಒಂದು ಕೋಣೆಗೆ ಹತ್ತು ಜನರಂತೆ ಮಲಗಿ, ರಾತ್ರಿ ಪಾಳಿ ಮುಗಿಸಿ, ಖಾತೆ ಪುಸ್ತಕವಿಲ್ಲದೆ, ಕೈಗೆ ಎಷ್ಟು ಬರುತ್ತದೆಂದು ತಿಂಗಳ ಕೊನೆಯವರೆಗೂ ತಿಳಿಯದೆ ದುಡಿಯುವವನಿಗೆ ನಾವು ಬಾಗಿಲು ಹಾಕಿದರೆ, ಅವನು ಯಾರ ಬಾಗಿಲಿಗೆ ಹೋಗಬೇಕು? ಅದೇ ಗುತ್ತಿಗೆದಾರನ ಬಾಗಿಲಿಗೆ. ಮುಂದಿನ ಮುಷ್ಕರದಲ್ಲಿ ಗೇಟು ದಾಟಿ ಒಳಹೋದನೆಂದು ಅವನನ್ನು ಆಗ ಬೈದರೆ ನ್ಯಾಯವಾದೀತೆ? "ಅಣ್ಣತಮ್ಮಂದಿರ ಮನೆ" ಎಂದ ಆ ಹಿರಿಯರ ಮೇಲೆ ನಮಗೆ ಗೌರವವಿದೆ; ಬೀಗಮುದ್ರೆಯ ಕಾಲದಲ್ಲಿ ಅವರು ಪಟ್ಟ ಕಷ್ಟವನ್ನು ಬಲ್ಲೆವು. ಆದರೆ ಅವರೂ ಮೊದಲ ಬಾರಿ ಈ ಊರಿಗೆ ಬಂದದ್ದು ಬರಗಾಲದ ಹಳ್ಳಿಯಿಂದ ತಗಡಿನ ಪೆಟ್ಟಿಗೆ ಹೊತ್ತು. ಆಗ ಅವರಿಗೂ "ಹೊರಗಿನವ" ಎಂದೇ ಹೆಸರಿತ್ತು.

ಮುಂದೂಡಿದ ಸಭೆ ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕಟ್ಟೆಯ ಮೇಲೆ ಸೇರುತ್ತದೆ. ಮೊದಲನೆಯ ಗೊತ್ತುವಳಿಯನ್ನು ಮುಕ್ಕಾಲು ಪಾಲಿನ ಕಟ್ಟಳೆಯೊಂದಿಗೆ ಒಪ್ಪಬೇಕೆಂದೂ, ಎರಡನೆಯದನ್ನು ಬೀಳಿಸಬೇಕೆಂದೂ ನಾವು ಕೋರುತ್ತೇವೆ. ಸದಸ್ಯತ್ವದ ಅರ್ಜಿಯನ್ನು ಕನ್ನಡದ ಜೊತೆಗೆ ಹಿಂದಿಯಲ್ಲೂ ಒಡಿಯಾದಲ್ಲೂ ಅಚ್ಚು ಹಾಕಿಸುವ ಖರ್ಚನ್ನು ಈ ಪತ್ರಿಕೆ ವಹಿಸಿಕೊಳ್ಳುತ್ತದೆ. ಒಡಿಯಾ ಬರೆಯಬಲ್ಲವರು ಯಾರಾದರೂ ಇದ್ದರೆ ಶನಿವಾರ ಸಂಜೆ ಎರಡನೆಯ ಪಾಳಿ ಶುರುವಾಗುವ ಮೊದಲು ನಮ್ಮ ಕಚೇರಿಗೆ ಬರಬೇಕು. ಗುತ್ತಿಗೆ ಕೆಲಸಗಾರರ ಬಿಡಾರಕ್ಕೆ ಹೋಗಿ ಸಭೆಯ ಸಮಯ ತಿಳಿಸಲು ಸ್ವಯಂಸೇವಕರು ಬೇಕಾಗಿದ್ದಾರೆ. ಇಲ್ಲಿಯವರೆಗೆ ಹೆಸರು ಕೊಟ್ಟವರು ಮೂವರು. ಅವರಲ್ಲಿಬ್ಬರು ಅಂಗಡಿಕಾರರು.