ಟ್ರ್ಯಾಕ್ಟರ್ ಇರಲಿ ಮಾರಾಯ, ಮೊದಲು ತೋಟ ಅಳೆ

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಸೋಮಾರಿತನ, ಬೇರೇನಿಲ್ಲ. ಇವತ್ತು ಬರೆಯೋ ಹಾಗೆ ಮಾಡಿದ್ದು ಅಕ್ಕನ ಮಗನ ಒಂದು ಫೋನು.

"ಮಾವ, ಮಿನಿ ಟ್ರ್ಯಾಕ್ಟರ್ ಬುಕ್ ಮಾಡೋಣ ಅಂತಿದ್ದೇನೆ. ಹದಿನೆಂಟು ಎಚ್‌ಪಿ ಸಾಕಾ, ಇಪ್ಪತ್ನಾಲ್ಕು ಬೇಕಾ?"

ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಊರು ಸೇರಿ ಎಂಟು ತಿಂಗಳಾಗಿದೆ. ಸಾಗರದ ಹತ್ತಿರ ಎರಡೂವರೆ ಎಕರೆ ಅಡಿಕೆ ತೋಟ, ಮೇಲೆ ಒಂದಿಷ್ಟು ಸೊಪ್ಪಿನ ಬೆಟ್ಟ. ಅಷ್ಟೇ ಆಸ್ತಿ. ಸಾಲಕ್ಕೆ ಅಡ ಇಡಲು ಹೊರಟಿರೋದು ಆ ತೋಟವನ್ನೇ. ಎರಡೂ ಬೇಡ ಅಂದೆ. ಸಿಟ್ಟು ಬಂತು ಅವನಿಗೆ.

"ಎಲ್ರೂ ತಗೋತಾ ಇದಾರೆ. ನೀವೂ ತಗೊಂಡಿದ್ರಲ್ಲ!"

ಹೌದು, ತಗೊಂಡಿದ್ದೆ. ಅದಕ್ಕೇ ಹೇಳ್ತಾ ಇರೋದು.

2019ರಲ್ಲಿ ನಾನು ಬೆಂಗಳೂರಲ್ಲಿ ಕೂತು ಯೂಟ್ಯೂಬ್ ನೋಡಿ ನೋಡಿ, ಊರಲ್ಲಿರೋ ತಮ್ಮನಿಗೆ ಟ್ರ್ಯಾಕ್ಟರ್ ಕೊಡಿಸಿದೆ. ಅವನು ಕೇಳಿರಲಿಲ್ಲ. ಅಪ್ಪಯ್ಯನಂತೂ "ಕಪ್ಪು ದಾಟಿಸೋದು ಹೆಂಗೆ ಅದನ್ನ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗಿದ್ದರು. (ಬಯಲುಸೀಮೆಯವರಿಗೆ: ಕಪ್ಪು ಅಂದರೆ ಬಣ್ಣ ಅಲ್ಲ, ತೋಟದೊಳಗಿನ ಬಸಿಗಾಲುವೆ. ಮಳೆ ನೀರು ಹೋಗೋಕೆ ಅಡಿಕೆ ಸಾಲುಗಳ ನಡುವೆ ತೋಡಿರ್ತೇವೆ.) ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹಳೇ ಕಾಲದವರು, ಯಂತ್ರ ಅಂದ್ರೆ ಹೆದರ್ತಾರೆ ಅಂದ್ಕೊಂಡೆ. ಟ್ರ್ಯಾಕ್ಟರ್, ರೋಟವೇಟರ್, ಪುಟ್ಟ ಟ್ರೈಲರ್, ಎಲ್ಲಾ ಸೇರಿ 4 ಲಕ್ಷದ 80 ಸಾವಿರ ಆಯ್ತು. ಶೋರೂಮಿನವರು ಹಾರ ಹಾಕಿ ಕೀ ಕೊಟ್ಟರು, ಫೋಟೋ ತೆಗೆದರು. ನಮ್ಮ ತೋಟ ಎಷ್ಟು ಇಳಿಜಾರು, ದಾರಿ ಎಷ್ಟು ಅಗಲ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬೇಕಿತ್ತು ಅನ್ನೋದು ನನಗೂ ಹೊಳೆಯಲಿಲ್ಲ ಬಿಡಿ.

ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಕೊನೆ ಕೊಯ್ಲು ಶುರುವಾಗಿತ್ತು. ತಮ್ಮ ಟ್ರೈಲರಿನಲ್ಲಿ ಅಡಿಕೆ ಕೊನೆ ತುಂಬಿಕೊಂಡು ಬರ್ತಾ ಇದ್ದ. ಮೇಲೆ ನೆಲ ಒಣಗಿದ ಹಾಗೆ ಕಂಡ್ರೂ ಒಳಗೆ ಇನ್ನೂ ಹಸಿ. ಹಿಂದಿನ ಚಕ್ರ ಕಪ್ಪಿನ ಅಂಚಿಗೆ ಬಂದದ್ದೇ ಅಂಚು ಕುಸಿಯಿತು. ಟ್ರ್ಯಾಕ್ಟರ್ ಮಗುಚೋದು ನಿಂತದ್ದು ಎರಡು ಅಡಿಕೆ ಮರಕ್ಕೆ ಒರಗಿದ್ದರಿಂದ. ತಮ್ಮ ಇನ್ನೊಂದು ಬದಿಗೆ ಹಾರಿದ, ಮೊಣಕಾಲು ತರಚಿತು. ಮರ ಎರಡೂ ಹೋದವು. ಆವತ್ತು ರಾತ್ರಿ ಫೋನಲ್ಲಿ ಅಪ್ಪಯ್ಯ ನನಗೊಂದು ಮಾತೂ ಬೈಯಲಿಲ್ಲ. "ಮರ ಇತ್ತು, ಪುಣ್ಯ" ಅಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಮಾರುವಾಗ ಟ್ರ್ಯಾಕ್ಟರಿನ ಗಂಟೆ ಮೀಟರ್ ನೋಡಿದೆ. ಎರಡು ವರ್ಷದಲ್ಲಿ ಓಡಿದ್ದು 71 ಗಂಟೆ! ಮಾರಿ ಬಂದದ್ದು 2 ಲಕ್ಷದ 90 ಸಾವಿರ. ಕಳೆದುಕೊಂಡ 1 ಲಕ್ಷದ 90 ಸಾವಿರವನ್ನ 71ರಿಂದ ಭಾಗಿಸಿ ನೋಡಿ, ಗಂಟೆಗೆ ಹತ್ತಿರ ಹತ್ತಿರ 2,676 ರೂಪಾಯಿ. ಬಡ್ಡಿ, ಡೀಸೆಲ್ಲು, ಇನ್ಶೂರೆನ್ಸು ಇದರಲ್ಲಿ ಸೇರಿಲ್ಲ. ಬಾಡಿಗೆಗೆ ಕರೆಸಿದ್ದರೆ ಅದರ ಅರ್ಧವೂ ಆಗ್ತಿರಲಿಲ್ಲ.

ಈಗ ಜಗಳಕ್ಕೆ ಬರ್ತೇನೆ.

ನಮ್ಮಲ್ಲಿ ಯಂತ್ರ ಕೊಳ್ಳೋರು ಮೊದಲು ಕೇಳೋದು "ಎಷ್ಟು ಎಚ್‌ಪಿ?" ಎರಡನೇದು "ಸಬ್ಸಿಡಿ ಎಷ್ಟು?" ಈ ಎರಡು ಪ್ರಶ್ನೆಗಳೇ ಮಲೆನಾಡಿನ ಸಣ್ಣ ಹಿಡುವಳಿದಾರರನ್ನ ಸಾಲಕ್ಕೆ ದೂಡ್ತಾ ಇರೋದು ಅಂತ ನನ್ನ ವಾದ. ನಮ್ಮ ತೋಟಕ್ಕೆ ಬೇಕಾದ ಪ್ರಶ್ನೆಗಳೇ ಬೇರೆ. ದಾರಿ ಎಷ್ಟು ಅಗಲ, ಇಳಿಜಾರು ಎಷ್ಟು, ಕಪ್ಪು ಎಷ್ಟು ಆಳ, ಹುಲ್ಲು ಬೆಳೆಯೋ ತಿಂಗಳಲ್ಲಿ ನೆಲ ಹೇಗಿರ್ತದೆ.

ಕೊನೇದನ್ನೇ ಮೊದಲು ನೋಡಿ. ನಮ್ಮಲ್ಲಿ ಹುಲ್ಲು ಸೊಂಟದೆತ್ತರ ಬರೋದು ಜೂನ್‌ನಿಂದ ಸೆಪ್ಟೆಂಬರ್. ಆಗ ತೋಟದಲ್ಲಿ ಮನುಷ್ಯರ ಕಾಲೇ ಹೂತು ಹೋಗ್ತದೆ. ನೂರಾರು ಕಿಲೋ ತೂಕದ ಯಂತ್ರ ಇಳಿಸಿದರೆ ಚಕ್ರ ಹೂಳ್ತದೆ, ಹೂಳದಿದ್ದರೂ ಮಣ್ಣು ಅಮುಕಿ ಗಟ್ಟಿಯಾಗ್ತದೆ. ನೆಲ ಒಣಗಿ ಟ್ರ್ಯಾಕ್ಟರ್ ಇಳಿಸೋ ಹಾಗಾದಾಗ ಹುಲ್ಲೂ ಒಣಗಿರ್ತದೆ. ಅಂದ್ರೆ ಕೆಲಸ ಇದ್ದಾಗ ಯಂತ್ರ ಕೊಟ್ಟಿಗೆಯಲ್ಲಿ, ಯಂತ್ರ ಹೊರಗೆ ಬಂದಾಗ ಕೆಲಸ ಇಲ್ಲ. ಹಾಗಾದ್ರೆ 71 ಗಂಟೆಯೇ ಜಾಸ್ತಿ ಆಯ್ತು!

ಇನ್ನು ಅಗಲ. ಅಡಿಕೆಗೆ ಎಲ್ಲರೂ ಹೇಳೋ ಅಂತರ 2.7 ಮೀಟರ್, ನಮ್ಮ ಲೆಕ್ಕದಲ್ಲಿ 9 ಅಡಿ. ಎಕರೆಗೆ 540ರ ಆಸುಪಾಸು ಮರ. ಅಂಗಡಿಯವರು ಇದನ್ನೇ ಹಿಡಿದು "ಒಂಬತ್ತು ಅಡಿ ಇದೆಯಲ್ಲ ಸಾರ್, ಆರಾಮಾಗಿ ಹೋಗ್ತದೆ" ಅಂತಾರೆ. ಆ ಒಂಬತ್ತು ಅಡಿಯ ಒಳಗೆ ಕಪ್ಪು ಇದೆ, ಮರದ ಬುಡದ ಗೊಬ್ಬರ-ಸೊಪ್ಪು ಇದೆ, ನಡುವೆ ಏಲಕ್ಕಿ, ಬಾಳೆ, ಕಾಳುಮೆಣಸಿನ ಬಳ್ಳಿ ಇದೆ, ಡ್ರಿಪ್ ಪೈಪ್ ಇದೆ. ಸಾಲಿನ ಕೊನೆಯಲ್ಲಿ ತಿರುಗಿಸೋಕೆ ಜಾಗ ಬೇಕು. ನಮ್ಮ ಸಾಲಿನ ಕೊನೆಯಲ್ಲಿ ಇರೋದು ದಂಡೆ, ದಂಡೆಯ ಆಚೆ ನಾಲ್ಕಡಿ ಕೆಳಗೆ ಇನ್ನೊಬ್ಬರ ಗದ್ದೆ. ಕಿರಿದಾದ ಟ್ರ್ಯಾಕ್ಟರುಗಳು ಬಂದಿವೆ, ಒಪ್ಪಿದೆ. 2021ರಲ್ಲಿ ಬಂದ ಸ್ವರಾಜ್ ಕೋಡ್ ಮೂರಡಿ ಅಗಲವೂ ಇಲ್ಲ. ತೋಟಗಾರಿಕೆಗೆ ಅಂತಲೇ ಮಾಡಿದ್ದು, ಸಮತಟ್ಟಾದ ಜಾಗದಲ್ಲಿ ಒಳ್ಳೆಯದೇ ಇರಬಹುದು. ಆದರೆ ಚಕ್ರಗಳ ನಡುವಿನ ಅಂತರ ಕಮ್ಮಿ ಮಾಡಿದಷ್ಟೂ ಓರೆ ನೆಲದಲ್ಲಿ ಮಗುಚೋ ಭಯ ಜಾಸ್ತಿ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ, ಎತ್ತಿನ ಗಾಡಿ ಹೊಡೆದವರಿಗೂ ಗೊತ್ತು.

ಮತ್ತೆ ಉಳುಮೆ. ಅಡಿಕೆ ತೋಟವನ್ನ ಉಳಬೇಕು ಅಂತ ಇವರಿಗೆಲ್ಲ ಯಾರು ಹೇಳಿದರು? ಅಡಿಕೆಯ ಆಹಾರ ಹೀರೋ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿಯಲ್ಲೇ ಇರೋದು, ಅದೂ ಬುಡದಿಂದ ಒಂದು ಮೀಟರ್ ಸುತ್ತ. ರೋಟವೇಟರ್ ಹೋದ ಮೇಲೆ ಮಣ್ಣು ಸಾರಿಸಿದ ಅಂಗಳದ ಹಾಗೆ ಕಾಣ್ತದೆ, ಫೋಟೋಗೆ ಚೆನ್ನಾಗಿರ್ತದೆ, ನಾನೂ ತೆಗೆದಿದ್ದೆ. ಆದರೆ ಕೈಯಲ್ಲಿ ಒಂದು ಹಿಡಿ ಮಣ್ಣು ತೆಗೆದು ನೋಡಿದರೆ ತುಂಡಾದ ಬೇರು. ಬೇರಿನ ಗಾಯದಲ್ಲೇ ಅಣಬೆ ರೋಗ ಒಳಗೆ ಹೋಗೋದು. ಮೇಲಿನ ಮಣ್ಣು ಸಡಿಲಾದ ತೋಟಕ್ಕೆ ಮೊದಲ ಮುಂಗಾರು ಬಿತ್ತೋ, ಕೆಂಪು ನೀರು ಕಪ್ಪಿನಲ್ಲಿ ಹರಿದು ಹಳ್ಳ ಸೇರಿ ಶರಾವತಿಗೆ ಹೋಗ್ತದೆ. ಬೆಟ್ಟದಿಂದ ಸೊಪ್ಪು-ದರಕು ಹೊತ್ತು ತಂದು ಅಜ್ಜ, ಅಪ್ಪಯ್ಯ ಕೂಡಿಸಿಟ್ಟ ಮಣ್ಣು ಅದು. ನಮಗೆ ಬೇಕಾದ್ದು ಹುಲ್ಲನ್ನ ಕಿತ್ತು ಹಾಕೋದಲ್ಲ, ಸವರಿ ಅಲ್ಲೇ ಮುಚ್ಚಿಗೆಯಾಗಿ ಬಿಡೋದು.

ಈ ಕೆಲಸಕ್ಕೆ ಯಂತ್ರ ಇದೆ. ಹುಲ್ಲು ಹೊಡೆಯೋ ಮಿಷನ್ನು. ವೀಡ್ ಕಟರ್, ಬ್ರಷ್ ಕಟರ್ ಏನಾದರೂ ಅನ್ನಿ. ಯಾರೂ ಇದಕ್ಕೆ ಹಾರ ಹಾಕಿ ಫೋಟೋ ತೆಗೆಯೋದಿಲ್ಲ, ಹಾಗಾಗಿ ಇದು ಯಂತ್ರ ಅಂತಲೇ ನಮಗೆ ಅನಿಸೋದಿಲ್ಲ :)

ಟ್ರ್ಯಾಕ್ಟರ್ ಮಾರಿದ ದುಡ್ಡಿನಲ್ಲಿ ಎರಡು ತಗೊಂಡೆವು. ಒಂದು ಎರಡು-ಸ್ಟ್ರೋಕಿನದು, ಒಂದು ನಾಲ್ಕು-ಸ್ಟ್ರೋಕಿನದು. ಎರಡು-ಸ್ಟ್ರೋಕಿನದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ನಮ್ಮದಕ್ಕೆ 1:50, ಅಂದ್ರೆ ಲೀಟರಿಗೆ 20 ಮಿ.ಲೀ. ಕೆಲಸದವರು ಅಂದಾಜಿನ ಮೇಲೆ ಸುರೀತಾರೆ. ಕಮ್ಮಿಯಾದರೆ ಪಿಸ್ಟನ್ ಹಿಡ್ಕೊಳ್ತದೆ, ಜಾಸ್ತಿಯಾದರೆ ಹೊಗೆ, ಪ್ಲಗ್ಗಿಗೆ ಮಸಿ. ಮನೇಲಿ ಔಷಧಿ ಅಳೆಯೋ ಮುಚ್ಚಳ ಇಟ್ಕೊಳ್ಳಿ. ಬೆರೆಸೋ ರಗಳೆ ಬೇಡ ಅಂದ್ರೆ ನಾಲ್ಕು-ಸ್ಟ್ರೋಕು, ಶಬ್ದವೂ ಕಮ್ಮಿ. ಆದ್ರೆ ಅದರ ಇಂಜಿನ್ ಆಯಿಲ್ ನೋಡ್ಕೋಬೇಕು, ನಮ್ಮ ತಮ್ಮ ಒಮ್ಮೆ ಮರೆತ. ದಂಡೆ ಮೇಲೆ, ಧರೆ ಬದಿಯಲ್ಲಿ ಕೆಲಸ ಮಾಡೋಕೆ ಬೆನ್ನಿಗೆ ಹಾಕೋ ಮಾದರಿ ಸಲೀಸು. ಸಮ ಜಾಗಕ್ಕೆ ಹೆಗಲಿಗೆ ನೇತು ಹಾಕೋದೇ ಸಾಕು.

ಬ್ಲೇಡಿನ ವಿಷಯ ಅಂಗಡಿಯಲ್ಲಿ ಯಾರೂ ಸರಿಯಾಗಿ ಹೇಳೋದಿಲ್ಲ. ಮೂರು ಹಲ್ಲಿನದು ದಪ್ಪ ಹುಲ್ಲು, ಪೊದೆಗೆ. ನೈಲಾನ್ ದಾರ ಎಳೆ ಹುಲ್ಲಿಗೆ, ಕಲ್ಲಿರೋ ಜಾಗಕ್ಕೆ. ಆದರೆ ಎಳೆ ಅಡಿಕೆ ಸಸಿಯ ಹತ್ತಿರ ಎರಡನ್ನೂ ತರಬೇಡಿ. ದಾರ ತಾನೇ ಅಂತ ಉದಾಸೀನ ಮಾಡಿದರೆ ಸಸಿಯ ಬುಡ ಸುತ್ತ ಸುಲಿದು ಹಾಕ್ತದೆ. ಬುಡದ ಸುತ್ತ ಒಂದಡಿ ಕತ್ತಿಯಲ್ಲೇ ಮಾಡಿಸಿ. ಕಣ್ಣಿಗೆ ಕನ್ನಡಕ ಹಾಕದೆ ಮಿಷನ್ ಚಾಲೂ ಮಾಡೋಕೆ ಬಿಡಬೇಡಿ, ನಿಮ್ಮ ಮನೆಯವರಾದ್ರೂ ಅಷ್ಟೆ, ಕೆಲಸಕ್ಕೆ ಬಂದವರಾದ್ರೂ ಅಷ್ಟೆ. ಕಲ್ಲು ಗುಂಡಿನ ಹಾಗೆ ಹಾರ್ತದೆ. ನಮ್ಮಲ್ಲಿ ದಿನಕ್ಕೆ ಅರ್ಧದಿಂದ ಮುಕ್ಕಾಲು ಎಕರೆ ಆಗ್ತದೆ, ಪೆಟ್ರೋಲ್ ನಾಲ್ಕು ಲೀಟರ್ ಹತ್ತಿರ. ಸಂಜೆ ಕೈ ನಡುಗ್ತಾ ಇರ್ತದೆ, ಸುಳ್ಳು ಹೇಳೋದಿಲ್ಲ. ಅದಕ್ಕೇ ಇಬ್ಬರು ಸರದಿ ಮೇಲೆ ಮಾಡಬೇಕು.

ಸಾಗಾಟ? ಇದೊಂದು ಸರಿಯಾದ ಪ್ರಶ್ನೆ. ಗೊಬ್ಬರ, ಕೊನೆ, ಸೋಗೆ ಹೊತ್ತು ಹೊತ್ತು ಬೆನ್ನು ಮುರೀತದೆ, ಹೊರೋಕೆ ಜನವೂ ಇಲ್ಲ. ಅದಕ್ಕೆ ಇಂಜಿನ್ ಇರೋ ಕೈಗಾಡಿಗಳು, ಮೋಟೋಕಾರ್ಟ್ ಅಂತಾರಲ್ಲ, ಅವು ಬಂದಿವೆ. ಕಪ್ಪಿಗೆ ಅಡ್ಡ ಗಟ್ಟಿ ಸಂಕ ಹಾಕಿದರೆ ಅದರ ಮೇಲೇ ದಾಟ್ತದೆ. ಪುತ್ತೂರಿನ ಕೃಷಿ ಯಂತ್ರ ಮೇಳಕ್ಕೆ ಹೋದವರು ನೋಡಿರ್ತೀರಿ. ಟ್ರ್ಯಾಕ್ಟರೇ ಬೇಕಾಗೋ ನಾಲ್ಕು ದಿನಕ್ಕೆ 2014ರಿಂದ ಸರ್ಕಾರದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಿವೆ, ಪಕ್ಕದ ಊರಿನವರದ್ದೂ ಒಂದಿರ್ತದೆ.

"ಹಾಗಾದ್ರೆ ಚನ್ನಗಿರಿ ಕಡೆಯವರು ದಡ್ಡರಾ?" ಅಂತ ಅಕ್ಕನ ಮಗನ ಪ್ರಶ್ನೆ. ಖಂಡಿತ ಅಲ್ಲ. ಅಲ್ಲಿನದು ಬಯಲು ತೋಟ, ಮಳೆ ನಮ್ಮಷ್ಟಿಲ್ಲ, ಸಾಲು ಉದ್ದಕ್ಕೆ ನೇರ. ಹತ್ತಾರು ಎಕರೆ ಇದ್ದವರಿಗೆ ಗಂಟೆ ಮೀಟರ್ ಓಡ್ತದೆ, ದುಡ್ಡು ಹುಟ್ಟುತ್ತದೆ. ವಿಜಯಪುರದ ದ್ರಾಕ್ಷಿಯವರಿಗೆ ಸಣ್ಣ ಟ್ರ್ಯಾಕ್ಟರ್ ಇಲ್ಲದೆ ಔಷಧಿ ಹೊಡೆಯೋದೇ ಕಷ್ಟ. ಅವರ ವಿಡಿಯೋ ನೋಡಿ ನಾವು ಕೊಳ್ಳೋದೇ ದಡ್ಡತನ. ಅಮೆರಿಕದಲ್ಲಿರೋ ಭಾವ ಒಬ್ಬರು ಮನೆ ಸುತ್ತಲಿನ ಎರಡು ಎಕರೆ ಹುಲ್ಲನ್ನ ಕೂತು ಓಡಿಸೋ ಮೋವರಿನಲ್ಲಿ ಸವರ್ತಾರೆ. "ನೀವೂ ಇಂಥದ್ದು ತಗೊಳ್ಳಿ" ಅಂತ ನನಗೆ ಲಿಂಕ್ ಕಳಿಸಿದ್ದರು. ಅಂಥ ಮೋವರುಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ ಬರೆದಿರ್ತಾರೆ, 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿನಲ್ಲಿ ಓಡಿಸಬೇಡಿ ಅಂತ. 15 ಡಿಗ್ರಿ ಅಂದ್ರೆ ನೂರು ಅಡಿಗೆ ಸುಮಾರು 27 ಅಡಿ ಏರು. ನಮ್ಮ ಮನೆ ಅಂಗಳದಿಂದ ತೋಟಕ್ಕೆ ಇಳಿಯೋ ದಾರಿ ಅದಕ್ಕಿಂತ ಕಡಿದು, ಭಾವ ಆ ದಾರಿಯಲ್ಲೇ ಜಾರಿ ಬಿದ್ದು ಹೋದವರು!

ಸಬ್ಸಿಡಿ ಬಗ್ಗೆ ಒಂದೇ ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ ಶೇ. 5ಕ್ಕೆ ಇಳಿದಿದೆ, ಸಹಾಯಧನವೂ ಇದೆ, ಈಗಲೇ ಸಕಾಲ ಅಂತ ಅಕ್ಕನ ಮಗ ಲೆಕ್ಕ ಹಾಕಿದ್ದಾನೆ. ಬೇಡದ ವಸ್ತು ಅಗ್ಗವಾದರೆ ಲಾಭ ಹೇಗಪ್ಪಾ? ಹುಲ್ಲು ಹೊಡೆಯೋ ಮಿಷನ್ನಿಗೂ ಸಹಾಯಧನ ಇದೆ, ಇಲಾಖೆ ಒಪ್ಪಿದ ಪಟ್ಟಿಯ ಮಾದರಿ ಆಗಿರಬೇಕು ಅಷ್ಟೆ. ಆದರೆ ಪಟ್ಟಿಯಲ್ಲಿರೋ ಮಾದರಿಗೆ ನಿಮ್ಮ ಪೇಟೆಯಲ್ಲಿ ಕಾರ್ಬ್ಯುರೇಟರ್, ಸ್ಟಾರ್ಟರ್ ಹಗ್ಗ ಸಿಗ್ತದಾ ಅಂತ ಮೊದಲು ಕೇಳಿ. ಆಗಸ್ಟಿನಲ್ಲಿ ಮಿಷನ್ ಕೆಟ್ಟು ಶಿವಮೊಗ್ಗದಿಂದ ಪಾರ್ಟ್ ಬರೋದಕ್ಕೆ ಹದಿನೈದು ದಿನ ಕಾದರೆ, ಅಷ್ಟರಲ್ಲಿ ಹುಲ್ಲು ನಿಮ್ಮ ಎದೆ ಮಟ್ಟಕ್ಕೆ ಬಂದಿರ್ತದೆ.

ಇದನ್ನ ಓದೋರಲ್ಲಿ ಊರಿಗೆ ವಾಪಸ್ ಹೋಗೋ ಕನಸಿನವರು ಬಹಳ ಜನ ಇದ್ದೀರಿ ಅಂತ ಗೊತ್ತು. ನನ್ನ ಮೇಲೆ ಸಿಟ್ಟಾಗಿ, ಪರವಾಗಿಲ್ಲ. ಮಲೆನಾಡಿನ ಎರಡು-ಮೂರು ಎಕರೆಯ ಇಳಿಜಾರು ತೋಟದಲ್ಲಿ ಸ್ವಂತ ಮಿನಿ ಟ್ರ್ಯಾಕ್ಟರಿನಿಂದ ಲಾಭ ಆಯ್ತು ಅನ್ನೋರು ಇದ್ದರೆ ಬರೀರಿ, ಜೊತೆಗೆ ಗಂಟೆ ಮೀಟರಿನ ಅಂಕಿಯನ್ನೂ ಬರೀರಿ.

ಅಕ್ಕನಿಗೆ ಆಮೇಲೆ ಫೋನ್ ಮಾಡಿದೆ. ಅಡ್ವಾನ್ಸ್ ಇನ್ನೂ ಕೊಟ್ಟಿಲ್ವಂತೆ, ಪಹಣಿ ಮಾತ್ರ ತೆಗೆಸಿಟ್ಟಿದ್ದಾನಂತೆ. ಬರೋ ಭಾನುವಾರ ಊರಿಗೆ ಹೋಗ್ತಾ ಇದ್ದೇನೆ. ನೂರಡಿಯ ಟೇಪು ನಾನು ತರ್ತೇನೆ, ಹಗ್ಗ, ಎರಡು ಗೂಟ ನೀನು ತೆಗೆದಿಟ್ಟಿರು ಅಂದಿದ್ದೇನೆ ಹುಡುಗನಿಗೆ. "ಆಯ್ತು, ಆದ್ರೆ ಅಳೆದ ಮೇಲೂ ಬೇಕು ಅಂತಾದ್ರೆ?" ಅಂದ. ಅಜ್ಜನನ್ನೇ ಕೇಳು, ಕಪ್ಪು ದಾಟಿಸೋದು ಹೆಂಗೆ ಅಂತ.